ಸಾಣೆಯ ಬೆಲೆ

ಭರ್ತೃಹರಿಯ ನೀತಿಶತಕದಲ್ಲಿ, ಕೃಶತೆಯೇ ಶೋಭೆಯಾಗುವ ವಸ್ತುಗಳನ್ನು ಎಣಿಸುವ ಶ್ಲೋಕವೊಂದುಂಟು. ಆ ಎಣಿಕೆಯಲ್ಲಿ ಸಾಣೆ ಹಿಡಿದ ಮಣಿಗೆ ಮೊದಲ ಸ್ಥಾನ. ಕೊಟ್ಟು ಬರಿದಾದ ದಾನಿಗೆ ಕೊನೆಯದು. ದೀಪಕಾಲಂಕಾರಕ್ಕೆ ಅದನ್ನು ಉದಾಹರಿಸುವುದು ಅಲಂಕಾರ ಪಾಠ ಹೇಳುವವರ ವಾಡಿಕೆ. ಕಳೆದ ವರ್ಷ ಎರಡನೆಯ ಬಿ.ಎ. ತರಗತಿಯಲ್ಲಿ ನಾನೂ ಆ ವಾಡಿಕೆಯಂತೆ ಶ್ಲೋಕದ ಭಾವವನ್ನು ಹೇಳಿ, ಸವೆದಷ್ಟೂ ಮಣಿಯ ಕಾಂತಿ ಹೆಚ್ಚುವ ಬಗೆಯನ್ನು ತುಸು ಸ್ವಾರಸ್ಯವಾಗಿಯೇ ವರ್ಣಿಸುತ್ತಿದ್ದೆ. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಸಾಣೆ ಹಿಡಿದರೆ ಕಲ್ಲು ಸವೆಯುತ್ತದೆ. ಸವೆದರೆ ತೂಕ ಇಳಿಯುತ್ತದೆ. ವಜ್ರವನ್ನು ಮಾರುವುದು ತೂಕದ ಮೇಲಲ್ಲವೆ? ಹಾಗಾದರೆ ಸಾಣೆ ಹಿಡಿಸಿದವನಿಗೆ ನಷ್ಟವಾಗಬೇಕಲ್ಲ?” ಎಂದಳು.

“ಕವಿಗೆ ಅಂಗಡಿಯ ಚಿಂತೆಯಿಲ್ಲಮ್ಮ” ಎಂದೆ. ತರಗತಿ ನಕ್ಕಿತು, ಹುಡುಗಿ ಕುಳಿತಳು. ಆ ನಗೆಯ ಮರೆಯಲ್ಲಿ ನಾನು ಪಾರಾದೆನೆಂಬುದು ಮಾತ್ರ ನನಗೆ ಗೊತ್ತಿತ್ತು. ಅವಳು ಕೇಳಿದ ಪ್ರಶ್ನೆ ನಮ್ಮ ಮನೆಯೊಳಗೆ ಆಗಲೇ ಒಂದು ವರ್ಷದಿಂದ ಉತ್ತರವಿಲ್ಲದೆ ಬಿದ್ದಿತ್ತು.

ನನ್ನ ತಾಯಿ ತೀರಿಕೊಂಡಾಗ ಅವರ ಪೆಟ್ಟಿಗೆಯಲ್ಲಿ ಎರಡು ಜೊತೆ ವಜ್ರದ ಓಲೆಗಳಿದ್ದವು. ಎರಡೂ ನಮ್ಮ ಕಡೆಯ ಏಳು ಕಲ್ಲಿನ ಓಲೆಗಳೇ: ನಡುವೆ ಒಂದು, ಸುತ್ತಲೂ ಆರು. ಒಂದು ಜೊತೆ ಅಜ್ಜಿಯಿಂದ ಬಂದದ್ದು. ಇನ್ನೊಂದು, ತಂದೆಯವರು ಕೈಯಲ್ಲಿ ನಾಲ್ಕು ಕಾಸು ಕೂಡಿದ ಕಾಲದಲ್ಲಿ ಬೆಂಗಳೂರಿನಲ್ಲಿ ಮಾಡಿಸಿದ್ದು. ಅಕ್ಕನಿಗೂ ತಂಗಿಗೂ ಅವುಗಳನ್ನು ಹಂಚುವ ಕೆಲಸ ನನ್ನ ಪಾಲಿಗೆ ಬಂತು. ನ್ಯಾಯವಾಗಿ ಹಂಚಬೇಕೆಂಬ ಹಟದಿಂದ ನಮ್ಮೂರಿನ ಅಕ್ಕಸಾಲಿಗರಲ್ಲಿ ಕಲ್ಲುಗಳನ್ನು ಬಿಚ್ಚಿಸಿ ತೂಗಿಸಿದೆ. ಅಜ್ಜಿಯ ೧೪ ಕಲ್ಲುಗಳು ಒಟ್ಟು ೩ ಕ್ಯಾರೆಟ್ಟಿಗೆ ಕೂದಲೆಳೆಯಷ್ಟು ಕಡಿಮೆ, ತಾಯಿಯವು ೨.೪ ಕ್ಯಾರೆಟ್ಟಿನ ಆಸುಪಾಸು. ಅಕ್ಕ ಉಳ್ಳವರ ಮನೆ ಸೇರಿದವಳು, ತಂಗಿಗೆ ಕಷ್ಟವಿತ್ತು. ಭಾರವಾದುದು ತಂಗಿಗೆ ಸಲ್ಲಲಿ ಎಂದೆ. ಅಕ್ಕ ಮರುಮಾತಾಡದೆ ಒಪ್ಪಿದಳು. ಅಂದು ರಾತ್ರಿ ನಾನು ಬಹಳ ನೆಮ್ಮದಿಯಿಂದ ನಿದ್ರೆ ಮಾಡಿದೆನೆಂದು ನೆನಪು.

ಮರುವರ್ಷ ತಂಗಿಯ ಮಗನಿಗೆ ಕಾಲೇಜು ಪ್ರವೇಶದ ಹಣ ಹೊಂದಿಸಬೇಕಾಗಿ ಬಂದು ಅವಳು ಓಲೆಯನ್ನು ಮಾರಲು ಹೊರಟಳು. ಬೆಲೆ ಕಟ್ಟಿಸುವಾಗ ಹೋಲಿಕೆಗೆಂದು ಅಕ್ಕನ ಜೊತೆಯನ್ನೂ ಒಯ್ದಿದ್ದರು. ಎರಡು ಅಂಗಡಿಗಳಲ್ಲಿ ಕೇಳಿದರು. ಎರಡರಲ್ಲಿಯೂ ಒಂದೇ ಮಾತು. ಹಗುರವಾಗಿದ್ದ ಅಕ್ಕನ ಓಲೆಗೆ ಹೇಳಿದ ಬೆಲೆಯ ಮುಕ್ಕಾಲು ಪಾಲೂ ತಂಗಿಯ ಭಾರದ ಓಲೆಗೆ ಬರಲಿಲ್ಲ. ತಂಗಿ ಬಂದ ಹಣಕ್ಕೆ ಮಾರಿ ಮನೆಗೆ ಬಂದಳು. “ಅಣ್ಣ ತೂಗಿಯೇ ಕೊಟ್ಟಿದ್ದನಲ್ಲ, ತೂಕವೇನೂ ಸುಳ್ಳಲ್ಲ” ಎಂದಷ್ಟೇ ಹೇಳಿದಳಂತೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ನಡೆದ ಒಂದು ವಿಚಾರಗೋಷ್ಠಿಗೆ ಹೋದಾಗ, ಅಲ್ಲಿಂದ ಕೂಗಳತೆಯಲ್ಲಿರುವ ಬಾಂದ್ರಾ-ಕುರ್ಲಾ ಸಂಕೀರ್ಣದತ್ತ ಒಂದು ಮಧ್ಯಾಹ್ನ ಕಾಲು ಹಾಕಿದೆ. ೨೦೧೦ರಲ್ಲಿ ತೆರೆದ ಭಾರತ್ ಡೈಮಂಡ್ ಬೋರ್ಸ್ ಎಂಬ ವಜ್ರಗಳ ಸಗಟು ಪೇಟೆ ಇರುವುದು ಅಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಒಂದು ಸಂಸ್ಥೆಯಲ್ಲಿ ಬೆಲೆ ಕಟ್ಟುವ ಕೆಲಸದಲ್ಲಿದ್ದಾನೆ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವನು. ಸೂರತ್ತಿನಲ್ಲಿದ್ದ ಬಂಧುಗಳ ಆಸರೆಯಿಂದ ಆ ಊರಿಗೆ ಹೋಗಿ, ಕೆಲವು ವರ್ಷ ಅಲ್ಲಿನ ಕಾರ್ಖಾನೆಯಲ್ಲಿ ಕಲಿತು, ಬಳಿಕ ಮುಂಬಯಿಗೆ ಬಂದವನು. ದ್ವಾರದಲ್ಲಿ ನನ್ನ ಹೆಸರು, ಛಾಯಾಚಿತ್ರ, ಬೆರಳಚ್ಚುಗಳೆಲ್ಲ ದಾಖಲಾದ ಮೇಲೆ ಅವನು ನನ್ನನ್ನು ಒಳಗೆ ಕರೆದೊಯ್ದು ಬಡಗು ದಿಕ್ಕಿನ ಕಿಟಕಿಯ ಬಳಿ ಕುಳ್ಳಿರಿಸಿದ. ನೇರ ಬಿಸಿಲು ಬೀಳದ ಆ ದಿಕ್ಕಿನ ಬೆಳಕಿನಲ್ಲಿಯೇ ಕಲ್ಲು ನೋಡುವುದು ಈ ವ್ಯಾಪಾರದ ಹಳೆಯ ಕಟ್ಟಳೆಯಂತೆ. ಅಲ್ಲಿ ಒಂದು ಬಿಳಿಯ ಕಾಗದದ ಮಡಿಕೆಯಲ್ಲಿ ಎರಡು ಹರಳುಗಳನ್ನು ಇಟ್ಟು, “ಇವುಗಳಲ್ಲಿ ನಿಮಗೆ ಯಾವುದು ಬೇಕು ಸಾರ್?” ಎಂದ.

ನಾನು ದೊಡ್ಡದನ್ನು ತೋರಿಸಿದೆ. ಅದು ದೊಡ್ಡದಷ್ಟೇ ಅಲ್ಲ, ಕಾಗದವನ್ನು ತುಸು ಅಲುಗಿಸಿದರೆ ಸಾಕು, ಜೀವವಿರುವಂತೆ ಮಿನುಗುತ್ತಿತ್ತು. ಇನ್ನೊಂದು ಮಂಕಾಗಿ, ನಡುವೆ ಕಪ್ಪಾಗಿ, ಏನನ್ನೋ ಮುಚ್ಚಿಟ್ಟುಕೊಂಡ ಮುಖದಂತಿತ್ತು.

“ಎರಡೂ ಒಂದೇ ತೂಕ ಸಾರ್, ಒಂದು ಕ್ಯಾರೆಟ್ ಒಂದು ಸೆಂಟು. ಬಣ್ಣ ಒಂದೇ, ಶುದ್ಧತೆ ಒಂದೇ. ನೀವು ತೋರಿಸಿದ್ದು ಆರೂವರೆ ಮಿಲಿಮೀಟರ್ ಅಗಲವಿದೆ. ಇದು ಆರರ ಮೇಲೆ ಒಂದು ಗೆರೆ. ಇದರ ತೂಕವೆಲ್ಲ ಹೊಟ್ಟೆಯಲ್ಲಿದೆ.”

ಕ್ಯಾರೆಟ್ ಎಂದರೆ ೨೦೦ ಮಿಲಿಗ್ರಾಂ. ಅದರ ನೂರನೆಯ ಒಂದು ಪಾಲು ಸೆಂಟು. ವಜ್ರದ ಬೆಲೆಯನ್ನು ನಿರ್ಣಯಿಸುವ ಗುಣಗಳು ನಾಲ್ಕೆಂದು ಲೋಕ ಹೇಳುತ್ತದೆ: ತೂಕ, ಬಣ್ಣ, ಶುದ್ಧತೆ, ಕಟ್. ಮೊದಲ ಮೂರಕ್ಕೆ ಭೂಗರ್ಭವೇ ಮೂಲ. ನಾಲ್ಕನೆಯದು ಮಾತ್ರ ಮನುಷ್ಯನ ಕೈಯದು. ಕಟ್ ಎಂದರೆ ಹೊರ ಆಕಾರವೆಂದು ನಾನು ತಿಳಿದಿದ್ದೆ. ಆಕಾರ ಬೇರೆ, ಕಟ್ ಬೇರೆ. ದುಂಡು, ಚೌಕ, ನೀರಹನಿ ಎಂಬುವು ಆಕಾರಗಳು. ಕಟ್ ಎಂದರೆ ಆ ಆಕಾರದೊಳಗೆ ಮುಖಗಳು ಯಾವ ಕೋನದಲ್ಲಿ, ಯಾವ ಪ್ರಮಾಣದಲ್ಲಿ, ಎಷ್ಟು ಸಮವಾಗಿ, ಎಷ್ಟು ನುಣುಪಾಗಿ ಕೂಡಿವೆ ಎಂಬುದು. ಪೇಟೆಯ ಜನ ಇದನ್ನು “ಮೇಕ್” ಎನ್ನುತ್ತಾರೆ. ಕಲ್ಲನ್ನು ಚಿಮುಟದಲ್ಲಿ ಎತ್ತಿ, ಹತ್ತು ಪಟ್ಟು ಹಿಗ್ಗಿಸಿ ತೋರುವ ಮಸೂರವನ್ನು ಕಣ್ಣಿಗೆ ಹಚ್ಚಿ, “ಮೇಕ್ ಇಲ್ಲ” ಎಂದು ಕೆಳಗಿಟ್ಟರೆ ಮಾತು ಮುಗಿದಂತೆ.

ಆ ಬಳಿಕ ಅವನು ತೋರಿಸಿದ ಬೆಲೆಪಟ್ಟಿ ನನ್ನನ್ನು ನಿಜವಾಗಿ ಬೆರಗುಗೊಳಿಸಿತು. ನ್ಯೂಯಾರ್ಕಿನ ಮಾರ್ಟಿನ್ ರಾಪಪೋರ್ಟ್ ಎಂಬವರು ೧೯೭೮ರಲ್ಲಿ ಆರಂಭಿಸಿದ ಈ ಪಟ್ಟಿ ಇಂದು ಜಗತ್ತಿನ ವಜ್ರದ ಸಗಟು ಪೇಟೆಗಳಲ್ಲಿ ಮಾತುಕತೆಗೆ ಆಧಾರ. ತೂಕಕ್ಕೊಂದರಂತೆ ಚೌಕಗಳು, ಒಂದೊಂದು ಚೌಕದಲ್ಲಿ ಮೇಲಿನಿಂದ ಕೆಳಕ್ಕೆ ಬಣ್ಣ, ಎಡದಿಂದ ಬಲಕ್ಕೆ ಶುದ್ಧತೆ, ಎರಡೂ ಸಂಧಿಸುವ ಮನೆಯಲ್ಲಿ ಕ್ಯಾರೆಟ್ ಒಂದಕ್ಕೆ ಎಷ್ಟು ನೂರು ಡಾಲರ್ ಎಂಬ ಅಂಕಿ. ನಮ್ಮ ಪಂಚಾಂಗದ ಕೋಷ್ಟಕವನ್ನು ಹೋಲುವ ಆ ಹಾಳೆಯಲ್ಲಿ ನಾನು ಕಟ್ಟಿನ ಸಾಲನ್ನು ಹುಡುಕಿದೆ. ಇಲ್ಲ! ನಾಲ್ಕು ಗುಣಗಳಲ್ಲಿ ಮೂರಕ್ಕೆ ಮನೆಗಳಿವೆ. ಮನುಷ್ಯನ ಕೈ ಮಾಡಿದ ನಾಲ್ಕನೆಯದಕ್ಕೆ ಮನೆಯೇ ಇಲ್ಲ.

“ಪಟ್ಟಿಯ ಬೆಲೆ ಚೆನ್ನಾಗಿ ಕತ್ತರಿಸಿದ ಕಲ್ಲಿಗೆಂದು ಗ್ರಹಿಸಬೇಕು ಸಾರ್. ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಅದರಿಂದ ಎಷ್ಟು ಹಿಂದಕ್ಕೆ ಎಂಬುದೇ ನಮ್ಮ ಮಾತು.” ಆ ಸೋಡಿಗೆ ಅವರ ಭಾಷೆಯಲ್ಲಿ “ಬ್ಯಾಕ್” ಎಂದು ಹೆಸರು. “ನಲವತ್ತು ಬ್ಯಾಕ್” ಎಂದರೆ ಪಟ್ಟಿಯ ಬೆಲೆಗಿಂತ ನೂರಕ್ಕೆ ನಲವತ್ತು ಕಡಿಮೆ. ಕಟ್ ಅಡಗಿರುವುದು ಈ ಸೋಡಿಯ ಒಳಗೆ. ಮೇಕ್ ಸೊಗಸಾಗಿದ್ದರೆ ಸೋಡಿ ಕಿರಿದಾಗುತ್ತದೆ, ಅಪರೂಪಕ್ಕೆ ಪಟ್ಟಿಯ ಬೆಲೆಯನ್ನೂ ಮೀರುತ್ತದೆ. ಮೇಕ್ ಕೆಟ್ಟಿದ್ದರೆ ಸೋಡಿ ಹಿಗ್ಗುತ್ತದೆ. ತೂಕ, ಬಣ್ಣ, ಶುದ್ಧತೆಗಳ ಬೆಲೆ ಅಚ್ಚಾಗಿ ಬಂದದ್ದು. ಕಟ್ಟಿನ ಬೆಲೆ ಕಿಟಕಿಯ ಬಳಿ ಇಬ್ಬರು ಕುಳಿತು ಬಾಯಲ್ಲಿ ಆಡಿಕೊಳ್ಳತಕ್ಕದ್ದು. ಛಂದಸ್ಸಿನ ಲಕ್ಷಣಗಳೆಲ್ಲ ಸರಿಯಾಗಿದ್ದೂ ಪದ್ಯ ಸಪ್ಪೆಯಾಗುವುದನ್ನು ಬಲ್ಲ ನಮ್ಮಂಥವರಿಗೆ ಇದು ತೀರ ಅಪರಿಚಿತವಾದ ಸಂಗತಿಯೇನಲ್ಲ.

ಕಟ್ಟಿನ ಗುಣಕ್ಕೆ ಅಳತೆಯೇ ಇಲ್ಲವೆಂದು ಇದರಿಂದ ಭಾವಿಸಬಾರದು. ಅಳತೆ ನೂರು ವರ್ಷಕ್ಕೂ ಹಿಂದೆಯೇ ಸಿಕ್ಕಿತು. ಆ್ಯಂಟ್‌ವರ್ಪಿನ ವಜ್ರ ಕುಶಲಿಗಳ ಮನೆತನದಲ್ಲಿ ಹುಟ್ಟಿದ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬ ತರುಣ ೧೯೧೯ರಲ್ಲಿ ಲಂಡನ್ನಿನಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿ, ದುಂಡು ವಜ್ರದ ಕೆಳಭಾಗದ ಮುಖಗಳು ೪೦.೭೫ ಡಿಗ್ರಿ, ಮೇಲ್ಭಾಗದ ಮುಖಗಳು ೩೪.೫ ಡಿಗ್ರಿ ಓರೆಯಾಗಿದ್ದು, ಮೇಲಿನ ಸಪಾಟು ಮುಖ ಕಲ್ಲಿನ ಅಗಲದ ನೂರಕ್ಕೆ ೫೩ ಪಾಲಿದ್ದರೆ ಬೆಳಕೂ ಬಣ್ಣದ ಕಿಡಿಗಳೂ ಸಮತೂಕಗೊಳ್ಳುವುವೆಂದು ಗಣಿತದಿಂದ ತೋರಿಸಿದ. ವಜ್ರದ ವಕ್ರೀಭವನಾಂಕ ೨.೪೨. ಒಳಹೊಕ್ಕ ಬೆಳಕು ಒಳಗೋಡೆಯನ್ನು ಮುಟ್ಟುವಾಗ, ಲಂಬರೇಖೆಯಿಂದ ಅದರ ಓರೆ ೨೪.೪ ಡಿಗ್ರಿಗಿಂತ ಹೆಚ್ಚಿದ್ದರೆ ಹೊರಹೋಗಲಾರದೆ ಮರಳಿ ಒಳಕ್ಕೇ ಪುಟಿಯುತ್ತದೆ. ಕೆಳಭಾಗ ಸರಿಯಾದ ಕೋನದಲ್ಲಿದ್ದರೆ ಬೆಳಕು ಒಂದು ಗೋಡೆಯಿಂದ ಎದುರು ಗೋಡೆಗೆ, ಅಲ್ಲಿಂದ ಮೇಲಕ್ಕೆ ಪುಟಿದು ನೋಡುವವನ ಕಣ್ಣಿಗೆ ಬರುತ್ತದೆ. ಹೊಟ್ಟೆ ಆಳವಾದರೆ ಎರಡನೆಯ ಗೋಡೆಯಲ್ಲಿ ಸೋರಿಹೋಗಿ ಕಲ್ಲಿನ ನಡುವೆ ಮೊಳೆಯ ತಲೆಯಂಥ ಕಪ್ಪು ಕಾಣುತ್ತದೆ. ತೀರ ತೆಳ್ಳಗಾದರೆ ಅಂಚಿನ ನೆರಳೇ ಒಳಗೆ ಬಿಳಿಯ ಬಳೆಯಾಗಿ ಕಂಡು, ಸತ್ತ ಮೀನಿನ ಕಣ್ಣಿನಂತಾಗುತ್ತದೆ. ನಾನು ನೋಡಿದ ಮಂಕು ಕಲ್ಲು ಮೊದಲ ಬಗೆಯದು.

ಅಮೆರಿಕದ ರತ್ನವಿಜ್ಞಾನ ಸಂಸ್ಥೆ, ವ್ಯಾಪಾರಿಗಳು ಜಿ.ಐ.ಎ. ಎನ್ನುವುದು, ೨೦೦೬ರಿಂದ ದುಂಡು ವಜ್ರಗಳ ಪ್ರಮಾಣಪತ್ರದಲ್ಲಿ ಕಟ್ಟಿಗೂ ಐದು ದರ್ಜೆಗಳನ್ನು ಬರೆಯತೊಡಗಿತು. ಎಕ್ಸಲೆಂಟ್ ಎಂಬುದು ಮೊದಲನೆಯದು. ಕಟ್, ನುಣುಪು, ಸಮಾಂಗತೆ ಮೂರೂ ಎಕ್ಸಲೆಂಟ್ ಆದ ಕಲ್ಲನ್ನು ಪೇಟೆಯಲ್ಲಿ “ಟ್ರಿಪಲ್ ಎಕ್ಸ್” ಎನ್ನುತ್ತಾರೆ. ಅದಕ್ಕೆ ಸೋಡಿ ಕಡಿಮೆ. ಆದರೆ ಮನುಷ್ಯನ ಜಾಣತನಕ್ಕೆ ಎಲ್ಲಿ ತಡೆ? ಎಕ್ಸಲೆಂಟ್ ಎಂಬುದು ಒಂದು ಬಿಂದುವಲ್ಲ, ಅಗಲವಾದ ಬಯಲು. ಆ ಬಯಲಿನ ಎಲ್ಲೆಗೆ ಅಂಟಿಕೊಂಡಂತೆ, ಹೊಟ್ಟೆಯನ್ನು ಸಾಧ್ಯವಾದಷ್ಟು ಆಳವಾಗಿಟ್ಟು, ತೂಕವನ್ನೂ ಉಳಿಸಿ ದರ್ಜೆಯನ್ನೂ ಪಡೆಯುವ ಕೌಶಲ ಬೆಳೆದಿದೆ. ಇದನ್ನು ಬಲ್ಲ ಸಗಟುಗಾರ ದರ್ಜೆಯನ್ನು ಓದಿ ಸುಮ್ಮನಾಗುವುದಿಲ್ಲ; ಕೋನಗಳ ಅಂಕಿಗಳನ್ನು ಓದುತ್ತಾನೆ.

ನನ್ನಲ್ಲಿ ಆಗ ಮೂಡಿದ ಪ್ರಶ್ನೆ ವಾಚಕರಲ್ಲಿಯೂ ಮೂಡಿರಬಹುದು. ಸರಿಯಾದ ಅಳತೆ ತಿಳಿದೂ ಕೆಟ್ಟದಾಗಿ ಕತ್ತರಿಸುವುದೇಕೆ? ಕೈ ತಪ್ಪಿದ್ದರಿಂದಲೆ?

“ಕೈ ತಪ್ಪಿದ್ದಲ್ಲ ಸಾರ್. ಲೆಕ್ಕ ಹಾಕಿಯೇ ಹಾಗೆ ಮಾಡಿದ್ದು” ಎಂದು ಅವನು ಒಂದು ಕಾಗದದ ಮೇಲೆ ಬರೆದು ತೋರಿಸಿದ. ಸೂರತ್ತಿನಲ್ಲಿ ಅವನು ಇದ್ದದ್ದು ಯೋಜನೆಯ ವಿಭಾಗದಲ್ಲಿ. ಕಚ್ಚಾ ಕಲ್ಲನ್ನು ಗಣಕಯಂತ್ರಕ್ಕೆ ಕೊಟ್ಟರೆ, ಇಸ್ರೇಲಿನ ಸರೀನ್ ಮುಂತಾದ ಸಂಸ್ಥೆಗಳ ಯಂತ್ರಗಳು ಅದನ್ನು ಸುತ್ತಲೂ ಅಳೆದು, ಒಳಗಿನ ದೋಷಗಳನ್ನು ಗುರುತಿಸಿ, ಇದರಿಂದ ಯಾವ ಯಾವ ಹರಳು ತೆಗೆಯಬಹುದು, ಒಂದೊಂದರ ಬೆಲೆಯೇನು ಎಂದು ಪಟ್ಟಿ ಮಾಡುತ್ತವೆ. ಎಂಟು ಮುಖದ ಒಳ್ಳೆಯ ಕಚ್ಚಾ ಕಲ್ಲಿನಿಂದಲೂ ದುಂಡು ವಜ್ರವಾಗಿ ಉಳಿಯುವುದು ಸರಿಸುಮಾರು ಅರ್ಧ ತೂಕ. ಆದ್ದರಿಂದ ಒಂದೊಂದು ಸೆಂಟಿಗೂ ಹೋರಾಟ.

ಅವನು ಹೇಳಿದ ಲೆಕ್ಕದ ಅಂಕಿಗಳು ಕೇವಲ ಉದಾಹರಣೆಗೆಂದು ಇಟ್ಟುಕೊಂಡವು. ಒಂದು ಕಚ್ಚಾ ಕಲ್ಲಿನಿಂದ ಎರಡು ರೀತಿಯಲ್ಲಿ ಹರಳು ತೆಗೆಯಬಹುದಾಗಿದೆ ಎನ್ನೋಣ. ಚೆಂದವಾಗಿ ಕತ್ತರಿಸಿದರೆ ೦.೯೪ ಕ್ಯಾರೆಟ್, ಹೊಟ್ಟೆಯನ್ನು ದಪ್ಪವಾಗಿ ಬಿಟ್ಟರೆ ೧.೦೧. ಪಟ್ಟಿಯಲ್ಲಿ ಒಂದು ಕ್ಯಾರೆಟ್ ದಾಟಿದೊಡನೆ ಬೆಲೆ ಒಮ್ಮೆಗೇ ಮೇಲಿನ ಮೆಟ್ಟಿಲಿಗೆ ಹಾರುತ್ತದೆ: ಕೆಳಗಿನ ಮೆಟ್ಟಿಲಲ್ಲಿ ಕ್ಯಾರೆಟ್ಟಿಗೆ ೮,೦೦೦ ಡಾಲರ್, ಮೇಲಿನದರಲ್ಲಿ ೧೦,೦೦೦ ಎಂದಿಟ್ಟುಕೊಳ್ಳೋಣ. ಚೆಂದದ ಕಲ್ಲಿಗೆ ಪಟ್ಟಿಯ ಪ್ರಕಾರ ೭,೫೨೦. ಸೋಡಿ ನೂರಕ್ಕೆ ೨೫ ಕಳೆದರೆ ೫,೬೪೦. ದಪ್ಪ ಹೊಟ್ಟೆಯ ಕಲ್ಲಿಗೆ ಪಟ್ಟಿಯ ಪ್ರಕಾರ ೧೦,೧೦೦, ಮೇಕ್ ಕೆಟ್ಟಿರುವುದರಿಂದ ಸೋಡಿ ೪೦, ಉಳಿಯುವುದು ೬,೦೬೦. ದಪ್ಪ ಹೊಟ್ಟೆಯೇ ಗೆದ್ದಿತು! ಕಾರ್ಖಾನೆಯ ಯಜಮಾನ ಚೆಂದವನ್ನು ಕಾಣದ ಕುರುಡನಲ್ಲ. ಚೆಂದಕ್ಕಾಗಿ ಪ್ರತಿ ಕಲ್ಲಿಗೂ ೪೨೦ ಡಾಲರ್ ಕಳೆದುಕೊಳ್ಳಲು ಅವನು ಸಿದ್ಧನಿಲ್ಲ, ಅಷ್ಟೆ. ಆದರೆ ಕೊಳ್ಳುವವರು ಬಿಗಿಯಾಗಿ, ಕೆಟ್ಟ ಮೇಕಿನ ಸೋಡಿ ೪೬ಕ್ಕೆ ಏರಿತೆನ್ನಿ. ಆಗ ಅದೇ ದಪ್ಪ ಕಲ್ಲಿಗೆ ಬರುವುದು ೫,೪೫೪. ಈಗ ಚೆಂದದ ಕಲ್ಲೇ ಲಾಭ. ನೂರಕ್ಕೆ ಆರರಷ್ಟು ಸೋಡಿಯ ವ್ಯತ್ಯಾಸದಲ್ಲಿ ಆ ವಜ್ರ ಮುಂದೆ ಮಿನುಗುವುದೋ ಮಂಕಾಗುವುದೋ ತೀರ್ಮಾನವಾಗಿಬಿಡುತ್ತದೆ. ಕಲ್ಲು ಇನ್ನೂ ಸಾಣೆಯ ಹತ್ತಿರ ಹೋಗಿಯೇ ಇರುವುದಿಲ್ಲ.

ಜಗತ್ತಿನ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತು ಸಾಣೆಗೊಳ್ಳುವುದು ಸೂರತ್ತಿನಲ್ಲಿ ಎನ್ನುವುದು ಪ್ರಸಿದ್ಧ. ಸಾಣೆ ಹಿಡಿಯುವವರಿಗೆ ಅಲ್ಲಿ ರತ್ನಕಲಾಕಾರರೆಂಬ ಗೌರವದ ಹೆಸರು. ಆಡುಮಾತಿನಲ್ಲಿ ಹೀರಾಘಸು, ಅಂದರೆ ವಜ್ರ ಉಜ್ಜುವವ. ಘಂಟಿ ಎಂದು ಕರೆಯುವ ಎರಕದ ಕಬ್ಬಿಣದ ತಿರುಗುಚಕ್ರಕ್ಕೆ ವಜ್ರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಅದರ ಮೇಲೆ ಕಲ್ಲನ್ನು ಒತ್ತಿ ಹಿಡಿಯುತ್ತಾರೆ. ವಜ್ರವನ್ನು ವಜ್ರವೇ ಸವೆಸಬೇಕು. ಅದರಲ್ಲಿಯೂ ಎಲ್ಲ ದಿಕ್ಕಿನಲ್ಲಿ ಅದು ಒಂದೇ ಸಮ ಗಡುಸಾಗಿರುವುದಿಲ್ಲ. ಒಂದು ಮುಖಕ್ಕೆ ಒಂದು ದಿಕ್ಕಿನಲ್ಲಿ ಒತ್ತಿದರೆ ಸವೆಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಚಕ್ರವನ್ನೇ ಕೆಡಿಸುತ್ತದೆ. ಆ ದಿಕ್ಕನ್ನು ಬೆರಳು ಬಲ್ಲುದು. ದುಂಡು ವಜ್ರಕ್ಕೆ ಮೇಲೆ ೩೩, ಕೆಳಗೆ ೨೪, ಒಟ್ಟು ೫೭ ಮುಖಗಳು. ಕೂಲಿ ಬಹುಮಟ್ಟಿಗೆ ಕಲ್ಲಿನ ಲೆಕ್ಕದಲ್ಲಿ. “ಚೆನ್ನಾಗಿ ಮಾಡುವುದು ಅವರಿಗೆ ಬರುವುದಿಲ್ಲವೆಂದು ಹೊರಗಿನವರು ತಿಳಿಯುತ್ತಾರೆ ಸಾರ್. ಕೋನ ಇಷ್ಟೇ ಇರಲಿ ಎಂದು ಚೀಟಿ ಬರೆದು ಕೊಟ್ಟವರು ನಾವು” ಎಂದ ನನ್ನ ವಿದ್ಯಾರ್ಥಿ. ಅವನ ದನಿಯಲ್ಲಿ ಸಂಕೋಚವಿತ್ತು.

ಈ ಮಾತು ಕೇಳುವಾಗ ನನಗೆ ತಾವರ್ನಿಯೆ ನೆನಪಾದ. ೧೭ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಮತ್ತೆ ಮತ್ತೆ ಬಂದ ಈ ಫ್ರೆಂಚ್ ರತ್ನವ್ಯಾಪಾರಿ, ವಿಜಾಪುರದ ಅರಸರ ಸೀಮೆಯಲ್ಲಿದ್ದ ರಾವೊಲ್ಕೊಂಡ ಎಂಬ ಗಣಿಯನ್ನು ಕಂಡು ಬರೆದಿದ್ದಾನೆ. ವಿಜಾಪುರದಿಂದ ಎಂಟು-ಒಂಬತ್ತು ದಿನಗಳ ಹಾದಿಯಂತೆ. ಅಲ್ಲಿನ ಸಾಣೆಗಾರರು ಕಲ್ಲು ಶುದ್ಧವಾಗಿದ್ದರೆ ತೂಕ ಕಳೆದೀತೆಂಬ ಭಯದಿಂದ ಅದಕ್ಕೆ ಆಕಾರ ಕೊಡುವ ಗೋಜಿಗೇ ಹೋಗದೆ ಚಕ್ರವನ್ನು ಮುಟ್ಟಿಸಿ ತೆಗೆಯುತ್ತಾರೆ. ದೋಷವಿದ್ದರೆ ಅದು ಕಾಣದಂತೆ ಸಣ್ಣ ಸಣ್ಣ ಮುಖಗಳಿಂದ ಮುಚ್ಚುತ್ತಾರೆ ಎಂದು ಅವನ ವರದಿ. ಅದನ್ನು ಓದಿದವರು ನಮ್ಮವರಿಗೆ ಬೆಳಕಿನ ರುಚಿ ತಿಳಿಯದೆಂದು ಬಗೆದದ್ದುಂಟು. ನನಗೆ ಹಾಗೆ ತೋರುವುದಿಲ್ಲ. ಅಂದಿನ ಬೆಲೆಯ ಗಣಿತ ತೂಕದ ಗಣಿತವೇ ಆಗಿತ್ತು. ವರಾಹಮಿಹಿರನ ಬೃಹತ್ಸಂಹಿತೆ ವಜ್ರಕ್ಕೆ ಬೆಲೆ ಹೇಳುವುದು ತಂಡುಲವೆಂಬ ಅಕ್ಕಿಕಾಳಿನ ತೂಕ ಹಿಡಿದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ರತ್ನಪರೀಕ್ಷೆಯುಂಟು. ಆ ಶಾಸ್ತ್ರಕಾರರಿಗೆ ಆರು ಕೋನ, ಎಂಟು ಮುಖ, ಹನ್ನೆರಡು ಅಂಚುಗಳಿಂದ ಸಹಜವಾಗಿ ಮೂಡಿದ ಹರಳೇ ಉತ್ತಮ. ತೂಕಕ್ಕೆ ಹಣ ಸಲ್ಲುವ ಪೇಟೆಯಲ್ಲಿ ತೂಕವನ್ನು ಕಾಯ್ದವನು ರಸಹೀನನಲ್ಲ. ಇಂದು ಸೂರತ್ತಿನ ಗಣಕಯಂತ್ರ ಹಾಕುವ ಲೆಕ್ಕ ಆ ಸಾಣೆಗಾರನ ಲೆಕ್ಕವೇ.

ಲೆಕ್ಕ ಮೀರಿದವನ ಪಾಡೇನಾಯಿತೆಂಬುದನ್ನೂ ತಾವರ್ನಿಯೆ ಹೇಳುತ್ತಾನೆ. ೧೬೬೫ರಲ್ಲಿ ಅವನು ಮೊಗಲ್ ಆಸ್ಥಾನದಲ್ಲಿ ಕಂಡ ಮಹಾವಜ್ರ ಕಚ್ಚಾ ಸ್ಥಿತಿಯಲ್ಲಿ ೭೮೭ ಕ್ಯಾರೆಟ್ಟಿಗೂ ಮಿಕ್ಕಿದ್ದುದು ಸಾಣೆಯಾದ ಮೇಲೆ ೨೮೦ರಷ್ಟ್ಕೇ ಉಳಿದಿತ್ತು. ಸಾಣೆ ಹಿಡಿದ ವೆನಿಸ್ಸಿನ ಹೊರ್ತೆನ್ಸಿಯೊ ಬೊರ್ಜಿಯೊ ಎಂಬವನಿಗೆ ಕೂಲಿ ಸಿಗುವುದಿರಲಿ, ಇನ್ನೂ ಹೆಚ್ಚು ತೂಕ ಉಳಿಸಬಹುದಿತ್ತೆಂದು ಗದರಿಸಿ ಹತ್ತು ಸಾವಿರ ರೂಪಾಯಿ ದಂಡ ಹಾಕಿದರಂತೆ. ಅವನಲ್ಲಿ ಹೆಚ್ಚಿದ್ದರೆ ಹೆಚ್ಚೇ ಕಿತ್ತುಕೊಳ್ಳುತ್ತಿದ್ದರಂತೆ. ಎರಡು ಶತಮಾನಗಳ ಬಳಿಕ ಕಾಲ ತಿರುಗಿತು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಕೊಹಿನೂರನ್ನು ನೋಡಲು ನೂಕುನುಗ್ಗಲಾದ ಜನ ಅದರ ಮಂಕು ಕಂಡು ನಿರಾಶರಾದರು. ಮರುವರ್ಷ ಆ್ಯಮ್‌ಸ್ಟರ್‌ಡ್ಯಾಮಿನಿಂದ ಕುಶಲಿಗಳನ್ನು ಕರೆಸಿ, ೩೮ ದಿನ ಸಾಣೆ ಹಿಡಿಸಿ, ೧೮೬ ಹಳೆಯ ಕ್ಯಾರೆಟ್ ಇದ್ದುದನ್ನು ೧೦೫.೬ ಕ್ಯಾರೆಟ್ಟಿಗೆ ಇಳಿಸಿದರು. ಅರಮನೆಗೆ ಮಾರುವ ಹಂಗಿರಲಿಲ್ಲ. ಹೊಳಪು ಬೇಕಾಗಿತ್ತು, ತೂಕ ತೆತ್ತರು.

ನಮ್ಮ ಮನೆಯ ಓಲೆಗೆ ಅರಮನೆಯ ನ್ಯಾಯ ಸಲ್ಲದು. ಕೊನೆಗೆ ನಾನು ಬಂದ ಕೆಲಸವನ್ನು ಹೇಳಿದೆ. ಮಾರುವ ಮೊದಲು ತಂಗಿ ತೆಗೆದಿಟ್ಟುಕೊಂಡಿದ್ದ ಛಾಯಾಚಿತ್ರಗಳು ನನ್ನಲ್ಲಿದ್ದವು. ಅವನು ಅವುಗಳನ್ನು ಹಿಗ್ಗಿಸಿ ನೋಡಿದ. ಅಜ್ಜಿಯ ಕಲ್ಲುಗಳು ಸಪಾಟಾಗಿ, ಒಂದರಂತೆ ಒಂದಿಲ್ಲದೆ, ಮುಖಗಳು ಎಣಿಸಿದಷ್ಟು ಮಾತ್ರವಿದ್ದವು. ಹಿಂಬದಿ ಮುಚ್ಚಿದ ಚಿನ್ನದ ಕಟ್ಟಿನಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ ಅವು ಸೊಗಸಾಗಿಯೇ ಕಂಡಿರಬೇಕು. ತಾಯಿಯವು ೫೭ ಮುಖಗಳ ದುಂಡು ಕಲ್ಲುಗಳು.

“ಇಷ್ಟು ಚಿಕ್ಕ ಕಲ್ಲಿಗೆ ಪ್ರಮಾಣಪತ್ರ ಮಾಡಿಸುವವರು ವಿರಳ ಸಾರ್. ತೂತುಗಳ ಜರಡಿಯಲ್ಲಿ ಗಾತ್ರ ವಿಂಗಡಿಸಿ ಪೊಟ್ಟಣದಲ್ಲಿ ಮಾರುತ್ತೇವೆ. ಮೇಕ್ ನೋಡುವುದೆಲ್ಲ ಕಣ್ಣಲ್ಲೇ. ಅಜ್ಜಿಯ ಕಲ್ಲು ಹಾಗೆಯೇ ಪೊಟ್ಟಣಕ್ಕೆ ಸೇರುವುದಿಲ್ಲ. ಮತ್ತೆ ಸಾಣೆ ಹಿಡಿಸಬೇಕು. ಕಲ್ಲೊಂದು ೨೧ ಸೆಂಟು ಇದ್ದರೆ, ಹಿಡಿಸಿದ ಮೇಲೆ ೧೩ ಉಳಿದೀತು. ಕೊಳ್ಳುವವನು ನೋಡುವುದು ಆ ೧೩ನ್ನೇ. ಅದರಲ್ಲಿ ಸಾಣೆಯ ಕೂಲಿ ಕಳೆಯುತ್ತಾನೆ, ಕಲ್ಲು ಒಡೆದೀತೆಂಬ ಭಯಕ್ಕೆ ಇನ್ನಷ್ಟು ಕಳೆಯುತ್ತಾನೆ.”

ನಾನು ಅಲ್ಲೇ ಗುಣಿಸಿದೆ. ೧೩ರಂತೆ ೧೪ ಕಲ್ಲು ೧.೮೨ ಕ್ಯಾರೆಟ್. ತಾಯಿಯವು, ೧೭ರಂತೆ, ೨.೩೮. ನಮ್ಮೂರಿನ ತಕ್ಕಡಿಯಲ್ಲಿ ಮೂರರ ಹತ್ತಿರ ತೂಗಿದ್ದು ಪೇಟೆಯ ಕಣ್ಣಿನ ತಕ್ಕಡಿಯಲ್ಲಿ ಎರಡನ್ನೂ ಮುಟ್ಟಲಿಲ್ಲ.

ತರಗತಿಯ ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಸಾಣೆ ಹಿಡಿದರೆ ತೂಕ ಇಳಿಯುವುದು ನಿಜ, ಆದರೆ ಇಳಿಯುವ ಆ ತೂಕಕ್ಕೆ ಸಗಟುಗಾರ ಮೊದಲೂ ಬೆಲೆ ಕೊಟ್ಟಿರಲಿಲ್ಲ. ಕಲ್ಲು ಚಕ್ರವನ್ನು ಮುಟ್ಟುವ ಮೊದಲೇ ಅವನು ಮನಸ್ಸಿನಲ್ಲಿ ಅದನ್ನು ಸಾಣೆ ಹಿಡಿದು, ಉಳಿದುದನ್ನು ಮಾತ್ರ ತೂಗಿರುತ್ತಾನೆ. ದಪ್ಪ ಹೊಟ್ಟೆಯ ಒಂದು ಕ್ಯಾರೆಟ್ಟಿಗೆ ಹೆಚ್ಚಿನ ಸೋಡಿ ಕೇಳುವಾಗಲೂ ಅವನ ಮನಸ್ಸಿನಲ್ಲಿರುವುದು ಇದೇ ಲೆಕ್ಕ. ಗಿರಾಕಿಗೆ ಆ ಲೆಕ್ಕ ತಿಳಿಯದಿರುವವರೆಗೆ ಮಾತ್ರ ಹೊಟ್ಟೆಯ ತೂಕ ಹಣವಾಗುತ್ತದೆ.

“ಅಜ್ಜಿಯ ಕಲ್ಲುಗಳು ಈಗ ಎಲ್ಲಿರಬಹುದಪ್ಪ?” ಎಂದು ಕೇಳಿದೆ.

“ಸೂರತ್ತಿಗೆ ಹೋಗಿರುತ್ತವೆ ಸಾರ್. ಮತ್ತೆ ಸಾಣೆಯಾಗಿ ಯಾವುದೋ ಪೊಟ್ಟಣದಲ್ಲಿ ಸೇರಿಹೋಗಿರುತ್ತವೆ. ಈಗ ನೋಡಿದರೆ ನೀವೂ ಮೆಚ್ಚುತ್ತೀರಿ.”

ಊರಿಗೆ ಬಂದು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಕ್ಕನಿಗೆ ಕಳುಹಿಸಿದೆ. ಅಕ್ಕ ದೂರವಾಣಿಯಲ್ಲಿ, “ತಕ್ಕಡಿ ಹಿಡಿದವನು ನೀನು, ತೂಗಿಸಿಕೊಂಡವಳು ನಾನು. ಕಡಿಮೆ ಬಿದ್ದದ್ದನ್ನು ಇಬ್ಬರೂ ಸೇರಿ ತುಂಬೋಣ” ಎಂದಳು. ತಂಗಿ ಹಣ ಮುಟ್ಟಲು ಒಪ್ಪಲಿಲ್ಲ. ಸೋದರಳಿಯನ ಎರಡನೆಯ ವರ್ಷದ ಶುಲ್ಕವನ್ನು ನಾವಿಬ್ಬರೂ ನೇರವಾಗಿ ಕಾಲೇಜಿಗೇ ಕಟ್ಟಿ, ರಸೀತಿಯನ್ನು ಅವಳಿಗೆ ಅಂಚೆಯಲ್ಲಿ ಕಳುಹಿಸಿದೆವು. ಅದನ್ನು ಅವಳು ಹಿಂದಕ್ಕೆ ಕಳುಹಿಸಲಿಲ್ಲ.

ತರಗತಿಯಲ್ಲಿ ಆ ಹುಡುಗಿಗೂ ಉತ್ತರ ಹೇಳಬೇಕಾಗಿತ್ತು. ಕರಿಹಲಗೆಯ ಮೇಲೆ ೦.೯೪, ೧.೦೧ ಎಂಬ ಎರಡು ಲೆಕ್ಕಗಳನ್ನೂ ಬರೆದು ತೋರಿಸಿದೆ. ಅಲಂಕಾರದ ಗಂಟೆಯಲ್ಲಿ ಗಣಿತ ಬಂದದ್ದಕ್ಕೆ ಕೆಲವರು ಮುಖ ಕಿವಿಚಿದರು. ಅವಳು ಮಾತ್ರ ಎಲ್ಲವನ್ನೂ ಬರೆದುಕೊಂಡು, “ನೂರಕ್ಕೆ ನಲವತ್ತೋ ನಲವತ್ತಾರೋ ಎಂದು ಆ ಸೋಡಿಯನ್ನು ಗೊತ್ತುಮಾಡುವವರು ಯಾರು ಸಾರ್?” ಎಂದು ಕೇಳಿದಳು.

ಬಡಗು ಕಿಟಕಿಯ ಬಳಿ ಎದುರುಬದುರಾಗಿ ಕುಳಿತ ಇಬ್ಬರು ಎಂದೆ.